73 ಆದ ಮೇಲೆ 75: ನಡುವಿನ ಸಂಚಿಕೆ ಎಲ್ಲಿ ಹೋಯಿತು?

ಪ್ರಶ್ನೆ: ಹಳೇ ಪುಸ್ತಕದ ಅಂಗಡಿಯೊಂದರಲ್ಲಿ ‘ಎಸೆನ್ಶಿಯಲ್ ಮಾರ್ವೆಲ್ ಟೀಮ್-ಅಪ್’ 3 ಮತ್ತು 4ನೇ ಸಂಪುಟ ಸಿಕ್ಕವು. ಎರಡೂ ಕಪ್ಪು ಬಿಳುಪು. ಓದುತ್ತಾ ಹೋದರೆ 73 ಆದ ಮೇಲೆ 75 ಬರುತ್ತದೆ, 78 ಆದ ಮೇಲೆ 80. ಹಾಳೆ ಹರಿದ ಗುರುತೇನೂ ಇಲ್ಲ. ಮೋಸ ಹೋದೆನಾ? ಇವನ್ನು ಕೊಟ್ಟುಬಿಟ್ಟು ಬಣ್ಣದ ದಪ್ಪ ಓಮ್ನಿಬಸ್‌ಗಳಿಗೆ ದುಡ್ಡು ಹಾಕಲಾ? ಇಬ್ಬರು ಹೀರೋಗಳು ಜೊತೆಯಾಗುವ ಹಳೇ ಕಥೆಗಳೆಂದರೆ ನನಗೆ ಇಷ್ಟ. ಯಾವುದರಿಂದ ಶುರು ಮಾಡಲಿ? — ಶಿವಮೊಗ್ಗದ ಓದುಗರೊಬ್ಬರು

ಉತ್ತರ: ಮೊದಲು ಅಂಗಡಿಯವರ ಮೇಲಿನ ಅನುಮಾನ ಬಿಡಿ. ‘ಮಾರ್ವೆಲ್ ಟೀಮ್-ಅಪ್’ ಅಂದರೆ ಸಾಮಾನ್ಯವಾಗಿ ಸ್ಪೈಡರ್‌ಮ್ಯಾನ್ ಸಂಚಿಕೆಗೊಬ್ಬ ಅತಿಥಿಯ ಜೊತೆ ಬರುವ ಅಮೆರಿಕದ ಹಳೇ ಕಾಮಿಕ್ ಮಾಲೆ, ‘ಎಸೆನ್ಶಿಯಲ್’ ಅಂದರೆ ಆ ಬಿಡಿ ಸಂಚಿಕೆಗಳನ್ನು ಒಟ್ಟು ಸೇರಿಸಿದ ಕಪ್ಪು ಬಿಳುಪು ಸಂಪುಟ. ನಿಮ್ಮ ಪುಸ್ತಕದಲ್ಲಿ ಒಂದು ಹಾಳೆಯೂ ಕಮ್ಮಿ ಇಲ್ಲ. 3ನೇ ಸಂಪುಟದಲ್ಲಿ ಇರುವುದೇ 52ರಿಂದ 73, ಆಮೇಲೆ 75. 4ನೆಯದರಲ್ಲಿ 76ರಿಂದ 78, ಆಮೇಲೆ 80ರಿಂದ 98. ಇವುಗಳ ಜೊತೆ ಮೂರು ವಾರ್ಷಿಕ ಸಂಚಿಕೆಗಳು. 74 ಮತ್ತು 79 ಅದರಲ್ಲಿ ಅಚ್ಚೇ ಆಗಲಿಲ್ಲ. ಪ್ರಕಾಶಕರು ಬೇಕೆಂದೇ ಬಿಟ್ಟರು.

ಯಾಕೆ ಬಿಟ್ಟರು ಅನ್ನುವುದು ಆ ಸಂಚಿಕೆಗಳ ಅತಿಥಿ ಯಾರು ಅಂತ ನೋಡಿದರೆ ಗೊತ್ತಾಗುತ್ತದೆ. 1978ರ 74ನೇ ಸಂಚಿಕೆಯಲ್ಲಿ ಸ್ಪೈಡರ್‌ಮ್ಯಾನ್ ಜೊತೆಯಾಗುವುದು ಇನ್ನೊಬ್ಬ ಹೀರೋ ಜೊತೆಗಲ್ಲ, ‘ಸ್ಯಾಟರ್ಡೇ ನೈಟ್ ಲೈವ್’ ಅನ್ನುವ ಅಮೆರಿಕದ ಟಿವಿ ಹಾಸ್ಯ ಕಾರ್ಯಕ್ರಮದ ಕಲಾವಿದರ ಜೊತೆ. ಪೀಟರ್ ಪಾರ್ಕರ್, ಅಂದರೆ ಮುಖವಾಡ ತೆಗೆದ ಸ್ಪೈಡರ್‌ಮ್ಯಾನ್, ಮತ್ತು ಅವನ ಗೆಳತಿ ಮೇರಿ ಜೇನ್ ಪ್ರೇಕ್ಷಕರ ಸಾಲಿನಲ್ಲಿ ಕೂತಿರುತ್ತಾರೆ. ಆ ರಾತ್ರಿಯ ನಿರೂಪಕ ಸ್ವತಃ ಮಾರ್ವೆಲ್‌ನ ಸ್ಟಾನ್ ಲೀ. ಖಳನಾಯಕ ಸಿಲ್ವರ್ ಸಮುರಾಯ್ ನುಗ್ಗಿದಾಗ, ಸಮುರಾಯ್ ವೇಷಕ್ಕೆ ಹೆಸರಾಗಿದ್ದ ನಟ ಜಾನ್ ಬೆಲೂಷಿಯೇ ಕತ್ತಿ ಹಿಡಿದು ಎದುರು ನಿಲ್ಲುತ್ತಾನೆ! ಓದಲು ಮಜಾ ಇದೆ. ಆದರೆ ಕಾರ್ಯಕ್ರಮ ಟಿವಿಯವರದು, ಮುಖಗಳು ನಿಜವಾದ ಮನುಷ್ಯರದು. ಹಕ್ಕು ಮಾರ್ವೆಲ್ ಒಬ್ಬರದೇ ಅಲ್ಲ.

79ರಲ್ಲಿ ಬರುವವಳು ರೆಡ್ ಸೋನ್ಯಾ. ಮ್ಯೂಸಿಯಂನಲ್ಲಿರುವ ಒಂದು ಹಳೇ ಕತ್ತಿಯಿಂದಾಗಿ ಮೇರಿ ಜೇನ್ ಆ ಪುರಾತನ ಯೋಧೆಯಾಗಿ ಬದಲಾಗುತ್ತಾಳೆ. ಸೋನ್ಯಾ 1973ರಲ್ಲಿ ಮಾರ್ವೆಲ್‌ನ ‘ಕೋನನ್’ ಕಾಮಿಕ್‌ನಲ್ಲಿ ಹುಟ್ಟಿದವಳೇ. ಆದರೂ ಕಂಪನಿಯ ಸ್ವಂತ ಆಸ್ತಿಯಲ್ಲ. ಲೈಸೆನ್ಸ್ ಇದ್ದಷ್ಟು ದಿನ ಮಾತ್ರ ಅವಳು ಆ ಮನೆಯವಳು. 2005ರಿಂದ ಅವಳ ಕಾಮಿಕ್ಸ್ ತರುತ್ತಿರುವುದು ಬೇರೆಯದೇ ಕಂಪನಿ.

ಇದೇ ಕಂಪನಿಯ ‘ಮಾರ್ವೆಲ್ ಟೂ-ಇನ್-ಒನ್’ ಸಂಪುಟಗಳಲ್ಲೂ ಹೀಗೆ ಹಲ್ಲು ಬಿದ್ದ ಜಾಗಗಳಿವೆ. ಫೆಂಟಾಸ್ಟಿಕ್ ಫೋರ್‌ನ ಥಿಂಗ್, ಅದೇ ಕಲ್ಲಿನ ಮೈಯ ಬೆನ್ ಗ್ರಿಮ್, ಪ್ರತಿ ಸಂಚಿಕೆಯಲ್ಲೂ ಒಬ್ಬ ಅತಿಥಿಯ ಜೊತೆ ಬರುವ ಮಾಲೆ ಅದು. ಅದರ ಕಪ್ಪು ಬಿಳುಪು ಸಂಪುಟಗಳಲ್ಲಿ 21 ಇಲ್ಲ, 99 ಇಲ್ಲ. 21ರ ಅತಿಥಿ ಡಾಕ್ ಸ್ಯಾವೇಜ್, 1930ರ ದಶಕದ ಅಗ್ಗದ ಪತ್ರಿಕೆಗಳ ನಾಯಕ. 99ರ ಅತಿಥಿ ರಾಮ್. ನಮ್ಮ ಶ್ರೀರಾಮ ಅಲ್ಲ, ಬಾಹ್ಯಾಕಾಶದ ಯೋಧ. ಅವನ ಕಥೆ ಇನ್ನೂ ವಿಚಿತ್ರ. ಪಾರ್ಕರ್ ಬ್ರದರ್ಸ್ ಅನ್ನುವ ಆಟಿಕೆ ಕಂಪನಿ 1979ರಲ್ಲಿ ಒಂದು ಬೊಂಬೆ ಮಾಡಿತು. ಅದರ ಪ್ರಚಾರಕ್ಕೆ ಅಂತ ಮಾರ್ವೆಲ್ ಕಾಮಿಕ್ ಶುರು ಮಾಡಿತು. ಬೊಂಬೆ ಮಾರಾಟವಾಗಲಿಲ್ಲ. ಕಾಮಿಕ್ ಮಾತ್ರ 1986ರವರೆಗೆ 75 ಸಂಚಿಕೆ ಓಡಿತು. ಆಮೇಲೆ ಹಕ್ಕಿನ ಗಂಟು ಬಿಗಿಯಿತು. ಆ ಸಂಚಿಕೆಗಳು ಓಮ್ನಿಬಸ್ ಆಗಿ ಬರಲು ಶುರುವಾಗಬೇಕಾದರೆ 2024ರವರೆಗೆ ಕಾಯಬೇಕಾಯಿತು.

ನಮ್ಮ ಯಕ್ಷಗಾನದ ಕೂಡಾಟ ನೆನಪು ಮಾಡಿಕೊಳ್ಳಿ. ಎರಡು ಮೇಳದವರು ಒಂದೇ ರಂಗದ ಮೇಲೆ ಬರುತ್ತಾರೆ. ಆ ರಾತ್ರಿ ಎಲ್ಲರಿಗೂ ಸಂಭ್ರಮ. ಬೆಳಗಾದರೆ ಅವರವರ ಮೇಳ, ಅವರವರ ಯಜಮಾನ. ಹತ್ತು ವರ್ಷ ಆದ ಮೇಲೆ ಆ ಆಟದ ರೆಕಾರ್ಡಿಂಗ್ ಮಾರಬೇಕೆಂದರೆ ಎರಡೂ ಕಡೆ ಕೇಳಬೇಕು ತಾನೇ? ಟೀಮ್-ಅಪ್ ಕಾಮಿಕ್ಸ್ ಕೂಡ ಅಷ್ಟೇ. ಅತಿಥಿಯನ್ನು ಕರೆಯುವುದೇ ಅದರ ಕಸುಬು. ಹಾಗಾಗಿ ಬೇರೆ ಯಾವ ಜಾತಿಯ ಕಾಮಿಕ್‌ಗಿಂತಲೂ ಇದರ ಸಂಪುಟಗಳಲ್ಲಿ ತೂತು ಜಾಸ್ತಿ. ‘ಕಂಪ್ಲೀಟ್’ ಸೆಟ್ ಮಾಡುವ ಹಟ ಹಿಡಿದರೆ ಸುಮ್ನೆ ತಲೆನೋವು.

ಈ ಮಾಲೆಗಳು ಹುಟ್ಟಿದ್ದು ದೊಡ್ಡ ಕನಸಿನಿಂದಲ್ಲ, ವ್ಯಾಪಾರದಿಂದ. ಮಾರ್ವೆಲ್‌ನ ಎದುರಾಳಿ ಕಂಪನಿ ಡಿಸಿಯ ‘ವರ್ಲ್ಡ್ಸ್ ಫೈನೆಸ್ಟ್’ 1941ರಿಂದಲೂ ಬರುತ್ತಿತ್ತು. ಮುಖಪುಟದಲ್ಲಿ ಸೂಪರ್‌ಮ್ಯಾನ್ ಮತ್ತು ಬ್ಯಾಟ್‌ಮ್ಯಾನ್ ಹೆಗಲ ಮೇಲೆ ಕೈ ಹಾಕಿ ನಿಂತಿರುತ್ತಿದ್ದರು. ಒಳಗೆ ನೋಡಿದರೆ ಇಬ್ಬರಿಗೂ ಬೇರೆ ಬೇರೆ ಕಥೆ! 1954ರಲ್ಲಿ ಪುಟ ಕಡಿಮೆ ಮಾಡಬೇಕಾಗಿ ಬಂತು. ಎರಡು ಕಥೆಗೆ ಜಾಗ ಇಲ್ಲ. ಆಗ ಇಬ್ಬರನ್ನೂ ಒಂದೇ ಕಥೆಗೆ ತುಂಬಿದರು. 71ನೇ ಸಂಚಿಕೆಯಿಂದ ಶುರುವಾದ ಆ ಜೋಡಿ ಮೂವತ್ತು ವರ್ಷಕ್ಕೂ ಜಾಸ್ತಿ ನಡೆಯಿತು.

‘ದ ಬ್ರೇವ್ ಅಂಡ್ ದ ಬೋಲ್ಡ್’ ಕೂಡ ಹಾಗೇ ದಾರಿ ತಪ್ಪಿ ದಾರಿ ಕಂಡುಕೊಂಡದ್ದು. 1955ರಲ್ಲಿ ಶುರುವಾದಾಗ ಅದು ಕತ್ತಿ ಗುರಾಣಿಯ ಸಾಹಸಗಳ ಪತ್ರಿಕೆ. 1960ರಲ್ಲಿ 28ನೇ ಸಂಚಿಕೆಯಲ್ಲಿ ಜಸ್ಟಿಸ್ ಲೀಗ್ ಮೊದಲ ಬಾರಿ ಕಾಣಿಸಿಕೊಂಡಿತು. 1963ರಲ್ಲಿ 50ನೇ ಸಂಚಿಕೆಯಿಂದ ಜೋಡಿ ಕಥೆಗಳು. ಬ್ಯಾಟ್‌ಮ್ಯಾನ್ ಟಿವಿ ಸರಣಿ ಹುಚ್ಚು ಹಿಡಿಸಿದ ಮೇಲೆ, 74ರಿಂದ ಕೊನೆಯ 200ರವರೆಗೂ ಜೋಡಿಯಲ್ಲಿ ಒಬ್ಬ ಬ್ಯಾಟ್‌ಮ್ಯಾನ್ ಅಂತ ಕಾಯಂ ಆಯಿತು. ಮಾರ್ವೆಲ್ 1972ರ ಮಾರ್ಚ್ ತಾರೀಖಿನ ಸಂಚಿಕೆಯಿಂದ ಅದೇ ಸೂತ್ರ ಹಿಡಿಯಿತು: ಸ್ಪೈಡರ್‌ಮ್ಯಾನ್ ಚೆನ್ನಾಗಿ ಮಾರುತ್ತಾನೆ, ಅವನಿಗೆ ಇನ್ನೊಂದು ಮಾಸಿಕ ಕೊಡಿ, ಪಕ್ಕದಲ್ಲಿ ಯಾರನ್ನಾದರೂ ನಿಲ್ಲಿಸಿ. ಬೆಲೆ 20 ಸೆಂಟ್.

ಈ ಕಾಮಿಕ್ಸ್ ಬರೆದವರು ಮುಂದೊಂದು ದಿನ ಯಾರೋ 500 ಪುಟ ಒಟ್ಟಿಗೆ ಓದುತ್ತಾರೆ ಅಂತ ಅಂದುಕೊಂಡಿರಲೇ ಇಲ್ಲ. ಹುಡುಗನೊಬ್ಬ ತಿಂಗಳಿಗೊಮ್ಮೆ ಇಪ್ಪತ್ತು ನಿಮಿಷ ಓದಿ ಮಡಚಿ ಜೇಬಿಗೆ ಹಾಕಿಕೊಳ್ಳುತ್ತಾನೆ, ಅಷ್ಟೇ ಲೆಕ್ಕ. ಹಾಗಾಗಿ ಒಂದೇ ಉಸಿರಿಗೆ ಓದಿದರೆ ಬೇಜಾರಾಗುವುದು ಸಹಜ. ಅತಿಥಿ ಬಂದ, ತಪ್ಪು ತಿಳಿದು ಇಬ್ಬರೂ ಹೊಡೆದಾಡಿದರು, ರಾಜಿಯಾದರು, ಖಳನನ್ನು ಹಿಡಿದರು, ಬೈ ಬೈ. ಇಪ್ಪತ್ತೈದು ಸಲ ಇದೇ ಆದರೆ ಯಾರಿಗೆ ಬೇಕು? ಮಾರ್ವೆಲ್ ಟೀಮ್-ಅಪ್‌ನ 1974ರ 28ನೇ ಸಂಚಿಕೆಯಲ್ಲಿ ಹರ್ಕ್ಯುಲಿಸ್ ಇಡೀ ಮ್ಯಾನ್‌ಹಟನ್ ದ್ವೀಪಕ್ಕೆ ಸರಪಳಿ ಕಟ್ಟಿ ಸಮುದ್ರದಲ್ಲಿ ಎಳೆಯುತ್ತಾನೆ. ಬಿಡಿ ಸಂಚಿಕೆಯಾಗಿ ಓದಿದರೆ ನಗು ಬರುತ್ತದೆ. ಸಂಪುಟದಲ್ಲಿ ಒಂದೇ ಸಮ ಓದುತ್ತಾ ಬಂದು ಇಲ್ಲಿ ಮುಟ್ಟಿದರೆ, ‘ಅಯ್ಯೋ ಸಾಕು ಮಾರಾಯ’ ಅನ್ನಿಸುತ್ತದೆ. ದಿನಕ್ಕೊಂದೇ ಓದಿ ಅಂತ ನನ್ನ ಸಲಹೆ. ಹುರಿಗಾಳಿನ ಹಾಗೆ, ಒಂದು ಹಿಡಿ ಸಾಕು.

ಇಲ್ಲಿ ಒಬ್ಬ ಮನುಷ್ಯನ ಬಗ್ಗೆ ಹೇಳದೆ ಮುಂದೆ ಹೋಗಲು ನನ್ನಿಂದಾಗದು. ಬಾಬ್ ಹೇನಿ, ‘ಬ್ರೇವ್ ಅಂಡ್ ಬೋಲ್ಡ್’ನ ಬಹುಪಾಲು ಬ್ಯಾಟ್‌ಮ್ಯಾನ್ ಕಥೆಗಳನ್ನು ಬರೆದವನು. ಹಿಂದಿನ ಕಥೆಯಲ್ಲಿ ಏನಾಗಿತ್ತು, ಬೇರೆ ಪತ್ರಿಕೆಯಲ್ಲಿ ಏನಿದೆ, ಇವನಿಗೆ ಲೆಕ್ಕವೇ ಇಲ್ಲ. ಎರಡನೇ ಮಹಾಯುದ್ಧದ ಸಾರ್ಜೆಂಟ್ ರಾಕ್ ಬೇಕಾ? ಬ್ಯಾಟ್‌ಮ್ಯಾನ್‌ನನ್ನೇ ಆ ಯುದ್ಧಕ್ಕೆ ಕಳಿಸಿಬಿಡುತ್ತಾನೆ. ಕೊನೆಗೆ, ಹೇನಿಯ ಕಥೆಗಳು ನಡೆಯುವುದು ಬೇರೆಯದೇ ಒಂದು ಭೂಮಿಯಲ್ಲಿ ಅಂತಾಗಿ ಅದಕ್ಕೆ ‘ಅರ್ತ್-ಬಿ’ ಅಂತ ಹೆಸರೇ ಬಿತ್ತು. 1976ರ 124ನೇ ಸಂಚಿಕೆಯಲ್ಲಂತೂ ಹೇನಿ, ಚಿತ್ರಕಾರ ಜಿಮ್ ಅಪಾರೊ, ಸಂಪಾದಕ ಮೂವರೂ ಕಥೆಯೊಳಗೇ ಬರುತ್ತಾರೆ. ಭಯೋತ್ಪಾದಕರು ಅಪಾರೊನ ತಲೆಗೆ ಬಂದೂಕು ಇಟ್ಟು, ಬ್ಯಾಟ್‌ಮ್ಯಾನ್ ಸಾಯುವ ಹಾಗೆ ಚಿತ್ರ ಬರೆ ಅನ್ನುತ್ತಾರೆ. ಗಂಭೀರ ಓದುಗರಿಗೆ ಇದು ಹುಚ್ಚಾಟ. ನನಗೆ ಇದೇ ಟೀಮ್-ಅಪ್‌ನ ನಿಜವಾದ ರುಚಿ. ಮೈಮೇಲೆ ಜವಾಬ್ದಾರಿ ಇಲ್ಲದವನು ಮಾತ್ರ ಹೀಗೆ ಬರೆಯಬಲ್ಲ.

ಅಪಾರೊ ಹೆಸರು ಬಂತಲ್ಲ, ನಿಮ್ಮ ಕಪ್ಪು ಬಿಳುಪಿನ ಪ್ರಶ್ನೆಗೆ ಇಲ್ಲೇ ಉತ್ತರ ಹೇಳಿಬಿಡುತ್ತೇನೆ. ಸಾಮಾನ್ಯವಾಗಿ ಅಮೆರಿಕದ ಕಾಮಿಕ್‌ನಲ್ಲಿ ಪೆನ್ಸಿಲ್ ಒಬ್ಬರದು, ಶಾಯಿ ಇನ್ನೊಬ್ಬರದು, ಅಕ್ಷರ ಮತ್ತೊಬ್ಬರದು. ಅಪಾರೊ ಮೂರನ್ನೂ ತಾನೇ ಮಾಡುತ್ತಿದ್ದ. ಇಂಥವರ ಕೆಲಸವನ್ನು ಬಣ್ಣ ಇಲ್ಲದೆ ನೋಡಿದರೆ ಕುಂಚದ ಒಂದೊಂದು ಎಳೆಯೂ ಕಾಣುತ್ತದೆ. ಡಿಸಿಯ ‘ಷೋಕೇಸ್ ಪ್ರೆಸೆಂಟ್ಸ್’ ಮಾಲೆಯಲ್ಲಿ ಬಂದ ‘ಬ್ರೇವ್ ಅಂಡ್ ಬೋಲ್ಡ್’ನ 2 ಮತ್ತು 3ನೇ ಸಂಪುಟ ಎಲ್ಲಾದರೂ ಸಿಕ್ಕರೆ ಎರಡನೇ ಯೋಚನೆ ಮಾಡಬೇಡಿ. 124 ಕೂಡ 3ನೆಯದರಲ್ಲೇ ಇದೆ.

ಬಣ್ಣದ ಸಂಪುಟ ಅಂದ ಕೂಡಲೇ ಮೂಲ ಕಾಮಿಕ್ ಸಿಕ್ಕಿತು ಅಂತ ತಿಳಿಯಬೇಡಿ. ಮೂಲದಲ್ಲಿ ಬಣ್ಣ ಅಂದರೆ ಒರಟು ನ್ಯೂಸ್‌ಪ್ರಿಂಟ್ ಮೇಲೆ ಚುಕ್ಕಿ ಚುಕ್ಕಿಯಾಗಿ ಬಿದ್ದ ಶಾಯಿ. ಕಾಗದ ಅದನ್ನು ಹೀರಿಕೊಂಡು ಸ್ವಲ್ಪ ಮಂಕು ಮಾಡುತ್ತಿತ್ತು. ಬಣ್ಣ ಹಾಕುವವರು ಆ ಮಂಕನ್ನೂ ಲೆಕ್ಕ ಹಿಡಿದೇ ಬಣ್ಣ ಆರಿಸುತ್ತಿದ್ದರು. ಅದೇ ಹಳದಿ, ಅದೇ ಕೆಂಪನ್ನು ಇವತ್ತಿನ ಬಿಳಿ ಹೊಳಪು ಕಾಗದದ ಮೇಲೆ ಒತ್ತಿದರೆ ಕಣ್ಣಿಗೆ ಹೋಳಿ ಎರಚಿದ ಹಾಗಾಗುತ್ತದೆ. ಹೊಳಪಿಲ್ಲದ ಮ್ಯಾಟ್ ಕಾಗದದ ಸಂಪುಟ ಸಿಕ್ಕರೆ ಅದನ್ನೇ ತೆಗೆದುಕೊಳ್ಳಿ. ಇನ್ನೊಂದು ವಿಷಯ. ಮೂಲ ಫಿಲ್ಮ್ ಕಳೆದುಹೋದ ಕಥೆಗಳನ್ನು ಮರುಮುದ್ರಿಸಲು ಗ್ರೆಗ್ ಥೀಕ್‌ಸ್ಟನ್ ಎಂಬಾತ ಒಂದು ಉಪಾಯ ಕಂಡುಹಿಡಿದಿದ್ದ. ಹಳೇ ಕಾಮಿಕ್‌ನ ಹಾಳೆಯನ್ನು ಬ್ಲೀಚ್ ಮಾಡಿ, ಬಣ್ಣ ಕಳೆದು, ಕಪ್ಪು ಗೆರೆ ಮಾತ್ರ ಉಳಿಸಿಕೊಳ್ಳುವುದು. ಒಂದು ಪ್ರತಿಯನ್ನು ಕೊಂದು ಸಾವಿರ ಪ್ರತಿ ಮಾಡುವ ಕೆಲಸ. ಈಗ ಸ್ಕ್ಯಾನರ್ ಇರುವುದರಿಂದ ಆ ಹಿಂಸೆ ಬೇಕಿಲ್ಲ.

ಎಸೆನ್ಶಿಯಲ್ ಪುಸ್ತಕಗಳ ಕಾಗದ ಕಳಪೆ, ನಿಜ. ಶಿವಮೊಗ್ಗದ ಮಳೆಗಾಲದಲ್ಲಿ ಅಂಚು ಹಳದಿಯಾಗುತ್ತದೆ. ಹೊಸದಾಗಿ ಬಂದಾಗಲೂ ಅವುಗಳ ಬೆಲೆ 20 ಡಾಲರ್ ದಾಟಿರಲಿಲ್ಲ, ಆ ದುಡ್ಡಿಗೆ ತಕ್ಕ ಕಾಗದ. 2013ರಲ್ಲಿ ಬಣ್ಣದ ಎಪಿಕ್ ಕಲೆಕ್ಷನ್ ಶುರುವಾದ ಮೇಲೆ ಎಸೆನ್ಶಿಯಲ್ ನಿಂತೇ ಹೋಯಿತು. ಎಪಿಕ್‌ನಲ್ಲಿ ಒಂದು ಗಮ್ಮತ್ತಿದೆ, ಎಚ್ಚರ. ಬೆನ್ನಿನ ಮೇಲಿನ ಸಂಖ್ಯೆ ಕಥೆಯ ಕ್ರಮದ್ದು, ಪ್ರಕಟವಾದ ಕ್ರಮದ್ದಲ್ಲ. 3 ಬಂದ ಮಾತ್ರಕ್ಕೆ 2 ಬಂದಿದೆ ಅಂತಲ್ಲ. ಇಲ್ಲದ ಸಂಪುಟಕ್ಕಾಗಿ ಊರೆಲ್ಲ ಹುಡುಕಿದವರನ್ನು ಕಂಡಿದ್ದೇನೆ. ಅವರಲ್ಲಿ ನಾನೂ ಒಬ್ಬ.

ಓಮ್ನಿಬಸ್ ಬಗ್ಗೆ ನನಗೆ ಅಷ್ಟು ಪ್ರೀತಿ ಇಲ್ಲ. ಅಲ್ಲೇ 100 ಡಾಲರ್ ಮೇಲೆ ಬೆಲೆ, ಮೇಲೆ ಸಾಗಾಟದ ಖರ್ಚು. ಎದೆ ಮೇಲಿಟ್ಟುಕೊಂಡು ಮಲಗಿ ಓದಿದರೆ ಉಸಿರು ಕಟ್ಟುತ್ತದೆ. ಹಗುರವಾಗಿ ಓದಲೆಂದೇ ಮಾಡಿದ ಕಾಮಿಕ್ಸ್‌ನ್ನು ಮೇಜಿನ ಮೇಲೆ ಪುರಾಣದ ಹೊತ್ತಗೆಯ ಹಾಗೆ ಬಿಡಿಸಿಟ್ಟು ಓದುವುದೇ ನನಗೆ ಹಿಡಿಸದು. ನನಗೊಮ್ಮೆ ಒಂದು ಪಾರ್ಸೆಲ್ ಬಂತು. ತೆಳು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಕಳಿಸಿದ್ದರು. ನಾಲ್ಕೂ ಮೂಲೆ ಜಜ್ಜಿಹೋಗಿ, ಬೆನ್ನು ಬಿಟ್ಟುಕೊಂಡಿತ್ತು. ತರಿಸುವುದೇ ಆದರೆ ರಟ್ಟಿನ ಪೆಟ್ಟಿಗೆಯಲ್ಲಿ ಕಳಿಸುತ್ತೀರಾ ಅಂತ ಮೊದಲೇ ಕೇಳಿ. ಬಂದ ಮೇಲೆ ಕಪಾಟಿನಲ್ಲಿ ಓರೆಯಾಗಿ ನಿಲ್ಲಿಸಬೇಡಿ, ಒಳಗಿನ ಪುಟಗಳ ಭಾರಕ್ಕೇ ಬೆನ್ನು ಜೋತುಬೀಳುತ್ತದೆ.

ಈಗ ಏನು ಕೊಳ್ಳಬೇಕು ಅನ್ನುವುದಕ್ಕೆ ಬರೋಣ. ಸಂಖ್ಯೆ ನೋಡಿ ಕೊಳ್ಳಬೇಡಿ, ಕೈ ನೋಡಿ ಕೊಳ್ಳಿ. ಬರೆದವರು ಯಾರು, ಚಿತ್ರ ಯಾರದು?

ಈ ಲೆಕ್ಕದಲ್ಲಿ ನೀವು ಅದೃಷ್ಟವಂತರು. ಮಾರ್ವೆಲ್ ಟೀಮ್-ಅಪ್‌ನ ಒಟ್ಟು 150 ಸಂಚಿಕೆಗಳಲ್ಲಿ ಅತ್ಯುತ್ತಮ ಭಾಗ ಈಗಾಗಲೇ ನಿಮ್ಮ ಕೈಯಲ್ಲಿದೆ: 3ನೇ ಸಂಪುಟದ 59ರಿಂದ 70. ಬರೆದದ್ದು ಕ್ರಿಸ್ ಕ್ಲೇರ್‌ಮಾಂಟ್, ಚಿತ್ರ ಜಾನ್ ಬರ್ನ್. ಎಕ್ಸ್-ಮೆನ್‌ಗೆ ಹೊಸ ಜೀವ ಕೊಟ್ಟ ಜೋಡಿಯೇ ಇದು. ಇಲ್ಲಿ ಒಂದು ಸಂಚಿಕೆ ಮುಗಿದರೂ ಎಳೆ ಮುಂದಿನದಕ್ಕೆ ಹರಿಯುತ್ತದೆ. 65ರಲ್ಲಿ ಕ್ಯಾಪ್ಟನ್ ಬ್ರಿಟನ್ ಪೀಟರ್ ಪಾರ್ಕರ್‌ನ ರೂಮ್‌ಮೇಟ್ ಆಗಿ ಬರುತ್ತಾನೆ. ಬ್ರಿಟನ್ನಿನ ವಾರಪತ್ರಿಕೆಯಲ್ಲಿ ಹುಟ್ಟಿದ ಆ ಪಾತ್ರ ಅಮೆರಿಕದ ಓದುಗರಿಗೆ ಸಿಕ್ಕಿದ್ದು ಇಲ್ಲೇ. ಇಬ್ಬರಿಗೂ ಇನ್ನೊಬ್ಬನ ಗುಟ್ಟು ಗೊತ್ತಿಲ್ಲ. ಒಂದೇ ರೂಮಿನಲ್ಲಿ ಇಬ್ಬರು ಕಳ್ಳ ಹೆಜ್ಜೆ ಹಾಕುವುದು ನೋಡಬೇಕು. ಜೊತೆಗೆ ಆರ್ಕೇಡ್ ಎಂಬ ಹೊಸ ಖಳ, ಇಬ್ಬರನ್ನೂ ದೈತ್ಯ ಪಿನ್‌ಬಾಲ್ ಯಂತ್ರಕ್ಕೆ ಹಾಕಿ ಆಡಿಸುವವನು. 68ರಲ್ಲಿ ಮ್ಯಾನ್-ಥಿಂಗ್ ಬರುವ ಕಥೆ ಬೇರೆಯೇ ಗತ್ತಿನದು, ಕತ್ತಲು ತುಂಬಿದ್ದು. ಅದನ್ನು ಕಪ್ಪು ಬಿಳುಪಿನಲ್ಲೇ ಓದಿ. 4ನೇ ಸಂಪುಟದಲ್ಲಿ 82ರಿಂದ 85. ನೆನಪು ಕಳೆದುಕೊಂಡು ತಾನೊಬ್ಬ ಮಾಮೂಲಿ ಸ್ಕೂಲ್ ಮೇಡಂ ಅಂತ ನಂಬಿರುವ ಬ್ಲ್ಯಾಕ್ ವಿಡೋ ಕಥೆ. ಉಳಿದದ್ದು ಮಳೆ ಬರುವ ಮಧ್ಯಾಹ್ನಗಳಿಗೆ.

ಇನ್ನೊಂದು ಕೊಳ್ಳುವುದಾದರೆ ‘ಪ್ರಾಜೆಕ್ಟ್ ಪೆಗಸಸ್’. ‘ಮಾರ್ವೆಲ್ ಟೂ-ಇನ್-ಒನ್’ನ 53ರಿಂದ 58, 1979ರದ್ದು. ಮಾರ್ಕ್ ಗ್ರೂನ್‌ವಾಲ್ಡ್ ಮತ್ತು ರಾಲ್ಫ್ ಮಾಕಿಯೊ ಬರೆದದ್ದು. ಚಿತ್ರ ಮೊದಲ ಮೂರು ಬರ್ನ್‌ದು, ಆಮೇಲೆ ಜಾರ್ಜ್ ಪೆರೆಜ್‌ದು. ಆಗ ಅಮೆರಿಕದಲ್ಲಿ ಪೆಟ್ರೋಲಿಗೆ ಕ್ಯೂ ನಿಲ್ಲುತ್ತಿದ್ದ ಕಾಲ. ಕಥೆಯೂ ಅದಕ್ಕೆ ತಕ್ಕ ಹಾಗೆ, ಹೊಸ ಇಂಧನ ಹುಡುಕುವ ಒಂದು ಸರ್ಕಾರಿ ಸಂಶೋಧನಾ ಕೇಂದ್ರದಲ್ಲಿ ನಡೆಯುತ್ತದೆ. ನಮ್ಮ ಥಿಂಗ್ ಅಲ್ಲಿ ಸೆಕ್ಯುರಿಟಿ ಕೆಲಸಕ್ಕೆ ಸೇರುತ್ತಾನೆ. ಅತಿಥಿಗಳು ಬಂದು ಹೋಗುವುದು ಒಂದು ಫ್ಯಾಕ್ಟರಿಗೆ ಪಾಳಿಯವರು ಬಂದು ಹೋದಷ್ಟು ಸಹಜವಾಗಿದೆ. ಇದೊಂದೇ ಪ್ರತ್ಯೇಕ ಪುಸ್ತಕವಾಗಿಯೂ ಬಂದಿದೆ.

ಒಳ್ಳೆಯ ಟೀಮ್-ಅಪ್ ಕಥೆ ಎಷ್ಟೋ ಸಲ ಟೀಮ್-ಅಪ್ ಪುಸ್ತಕದಲ್ಲೇ ಇರುವುದಿಲ್ಲ! ಈ ಮಾಲೆಗಳು ಅರಸೀಕೆರೆ ಜಂಕ್ಷನ್ ಇದ್ದ ಹಾಗೆ, ಎಲ್ಲಾ ಕಡೆಯ ಗಾಡಿಗಳೂ ಹಾದು ಹೋಗುತ್ತವೆ. ‘ಟೂ-ಇನ್-ಒನ್’ನ 1977ರ ವಾರ್ಷಿಕ ಸಂಚಿಕೆಯಲ್ಲಿ ಥಾನೋಸ್‌ನ ದೊಡ್ಡ ಕಥೆಯೊಂದು ಮುಗಿಯುತ್ತದೆ. ಅದರ ಮೊದಲ ಅರ್ಧ ಅವೆಂಜರ್ಸ್ ವಾರ್ಷಿಕದಲ್ಲಿದೆ. ಟೀಮ್-ಅಪ್ 100ರಲ್ಲಿ ಮೊದಲು ಕಂಡ ಕರ್ಮಾ ಎಂಬ ಹುಡುಗಿಯ ಕಥೆ ನ್ಯೂ ಮ್ಯೂಟೆಂಟ್ಸ್ ಸಂಪುಟದಲ್ಲಿ ಸಿಗುತ್ತದೆ. ‘ಡಿಸಿ ಕಾಮಿಕ್ಸ್ ಪ್ರೆಸೆಂಟ್ಸ್’ ಅಂದರೆ ಸೂಪರ್‌ಮ್ಯಾನ್‌ನ ಜೋಡಿ ಮಾಲೆ. ಅದರ 97 ಸಂಚಿಕೆಗಳಲ್ಲಿ ನನ್ನ ಪಾಲಿಗೆ ಕಿರೀಟ 1985ರ 85ನೆಯದು. ವಿಷದ ಶಿಲೀಂಧ್ರ ತಗುಲಿ ಜ್ವರದಲ್ಲಿ ಸಾಯಲು ಹೊರಟ ಸೂಪರ್‌ಮ್ಯಾನ್‌ನನ್ನು ಜೌಗಿನ ಗಿಡಬಳ್ಳಿಯ ಮೈಯ ಸ್ವಾಂಪ್ ಥಿಂಗ್ ಬದುಕಿಸುತ್ತಾನೆ. ಯಾರು ಬದುಕಿಸಿದರು ಅನ್ನುವುದು ಸೂಪರ್‌ಮ್ಯಾನ್‌ಗೆ ಗೊತ್ತೇ ಆಗುವುದಿಲ್ಲ. ಇದಕ್ಕಿಂತ ವಿನಯದ ಟೀಮ್-ಅಪ್ ಉಂಟಾ? ಅದನ್ನು ಓದಲು ಆ ಮಾಲೆಯ ಸಂಪುಟ ಹುಡುಕಬೇಡಿ. ಬರೆದ ಅಲನ್ ಮೂರ್ ಹೆಸರಿನ ಡಿಸಿ ಕಥೆಗಳ ಸಂಗ್ರಹ ಹುಡುಕಿ.

ಎರಡು ಕಂಪನಿಗಳೇ ಕೈ ಜೋಡಿಸಿದಾಗಿನ ಪಾಡು ಕೇಳಬೇಡಿ. 1976ರಲ್ಲಿ ಸೂಪರ್‌ಮ್ಯಾನ್ ಮತ್ತು ಸ್ಪೈಡರ್‌ಮ್ಯಾನ್ ಮುಖಾಮುಖಿಯಾದ ದೊಡ್ಡ ಗಾತ್ರದ ಕಾಮಿಕ್ ಬಂತು, ಬೆಲೆ ಎರಡು ಡಾಲರ್. ಆಮೇಲೆ ಇನ್ನೂ ಕೆಲವು. ಜಸ್ಟಿಸ್ ಲೀಗ್ ಮತ್ತು ಅವೆಂಜರ್ಸ್ ಜೊತೆಯಾಗುವ ಕಥೆ 1980ರ ದಶಕದ ಶುರುವಿನಲ್ಲೇ ಯೋಜನೆಯಾಗಿತ್ತು. ಪೆರೆಜ್ ಚಿತ್ರ ಬರೆಯಲು ಶುರು ಮಾಡಿದ್ದ. ಕಂಪನಿಗಳ ಜಗಳದಲ್ಲಿ ನಿಂತು, ಕೊನೆಗೆ ಬಂದದ್ದು 2003ರಲ್ಲಿ. 2022ರಲ್ಲಿ, ಪೆರೆಜ್ ಕ್ಯಾನ್ಸರ್‌ನಿಂದ ನರಳುತ್ತಿದ್ದಾಗ, ಕಲಾವಿದರ ನೆರವಿಗೆ ಇರುವ ಹೀರೋ ಇನಿಷಿಯೇಟಿವ್ ಸಂಸ್ಥೆ ಅದರ 7,000 ಪ್ರತಿ ಮಾತ್ರ ಮರುಮುದ್ರಿಸಿತು. ಅದೇ ವರ್ಷದ ಮೇ ತಿಂಗಳಲ್ಲಿ ಪೆರೆಜ್ ತೀರಿಕೊಂಡ. ಹಳೆಯ ಜಂಟಿ ಕಾಮಿಕ್ಸ್‌ಗೆ 2024ರಲ್ಲಿ ಎರಡೂ ಕಂಪನಿ ಒಪ್ಪಿ ಎರಡು ಓಮ್ನಿಬಸ್ ತಂದವು. ಓಮ್ನಿಬಸ್ ಬಗ್ಗೆ ಇಷ್ಟೆಲ್ಲ ಗೊಣಗಿದ ಮೇಲೂ, ಅದರಲ್ಲಿ 1976ರ ಕಥೆ ಇರುವ ಮೊದಲನೆಯದನ್ನು ನಾನು ಕೊಂಡೆ. ಈ ಕಥೆಗಳು ಯಾವಾಗ ಮತ್ತೆ ಮಾಯವಾಗುತ್ತವೋ ಯಾರಿಗೆ ಗೊತ್ತು.

ಆಮೇಲೆ ಒಂದು ಕುತೂಹಲ. ‘ಟೂ-ಇನ್-ಒನ್’ ನಿಂತದ್ದು 1983ರ ಜೂನ್, ‘ಬ್ರೇವ್ ಅಂಡ್ ಬೋಲ್ಡ್’ ಅದರ ಮರು ತಿಂಗಳು. ‘ಟೀಮ್-ಅಪ್’ 1985ರ ಫೆಬ್ರವರಿ. ‘ವರ್ಲ್ಡ್ಸ್ ಫೈನೆಸ್ಟ್’, ‘ಡಿಸಿ ಪ್ರೆಸೆಂಟ್ಸ್’ ಎರಡೂ 1986. ಮೂರು ಚಿಲ್ಲರೆ ವರ್ಷದಲ್ಲಿ ಐದೂ ಮಲಗಿದವು. ಆ ಹೊತ್ತಿಗೆ ಓದುಗರು ಕಾಮಿಕ್ಸ್‌ಗೇ ಮೀಸಲಾದ ಅಂಗಡಿಗಳಿಗೆ ಹೋಗಿ, ತಿಂಗಳಿಂದ ತಿಂಗಳಿಗೆ ಮುಂದುವರಿಯುವ ದೀರ್ಘ ಕಥೆಗಳನ್ನು ಕೇಳಿ ಕೊಳ್ಳುತ್ತಿದ್ದರು. ಒಂದೇ ಸಂಚಿಕೆಯಲ್ಲಿ ಮುಗಿಯುವ ಕಥೆ ಅವರಿಗೆ ‘ಲೆಕ್ಕಕ್ಕಿಲ್ಲದ್ದು’ ಅನ್ನಿಸಿತು. ಈಗ ನಾವು ಅದೇ ಲೆಕ್ಕಕ್ಕಿಲ್ಲದ್ದನ್ನು ರಟ್ಟು ಹಾಕಿಸಿ ಕೊಳ್ಳುತ್ತಿದ್ದೇವೆ, ಅಲ್ವಾ?

ಹಾಗಾಗಿ ನಿಮ್ಮ ಎರಡು ಸಂಪುಟ ಕೊಡಬೇಡಿ. ಇವತ್ತು ರಾತ್ರಿ 59 ತೆಗೆಯಿರಿ. 74 ಓದಲೇಬೇಕು ಅನ್ನಿಸಿದರೆ ಬಿಡಿ ಸಂಚಿಕೆ ಹುಡುಕಿ. ಬೆಂಗಳೂರಿಗೆ ಬಂದರೆ ಚರ್ಚ್ ಸ್ಟ್ರೀಟಿನ ಹಳೇ ಪುಸ್ತಕದ ಅಂಗಡಿಗಳಲ್ಲಿ ಒಂದು ಕಣ್ಣಿಟ್ಟಿರಿ. ನನ್ನ ಪ್ರತಿ ಸಿಕ್ಕಿದ್ದು ಅಲ್ಲೇ, ಮುಖಪುಟದ ಒಂದು ಮೂಲೆ ಇಲಿ ತಿಂದಿತ್ತು. ಅದನ್ನು ಪಾರದರ್ಶಕ ಕವರಿಗೆ ಹಾಕಿ 3ನೇ ಸಂಪುಟದಲ್ಲಿ 73ಕ್ಕೂ 75ಕ್ಕೂ ನಡುವೆ ಸಿಕ್ಕಿಸಿ ಇಟ್ಟಿದ್ದೇನೆ. 79ರ ಜಾಗ ಇನ್ನೂ ಖಾಲಿ ಇದೆ.